ಐಸಿಯುನಲ್ಲಿ ಮನಃಶಾಸ್ತ್ರಜ್ಞರಿಗೇನು ಕೆಲಸ?

ಪ್ರಶ್ನೆ: ಹೃದಯದ ಶಸ್ತ್ರಚಿಕಿತ್ಸೆಯ ನಂತರ ನಮ್ಮ ತಂದೆ ಆರು ದಿನ ಐಸಿಯುನಲ್ಲಿದ್ದರು. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆ ಎಂದು ಕೂಗಾಡಿ ನಳಿಕೆ ಕೀಳಲು ಹೋದಾಗ ಅವರ ಕೈಗಳನ್ನು ಕಟ್ಟಿದರಂತೆ. ಮರುದಿನ ಮನಃಶಾಸ್ತ್ರಜ್ಞರನ್ನು ಕರೆಸುತ್ತೇವೆ ಎಂದರು. ಅಪ್ಪನಿಗೆ ಹುಚ್ಚು ಹಿಡಿದಿತ್ತೇ?
– ಒಬ್ಬ ಓದುಗರು, ಹಾಸನ

ಉತ್ತರ: ಹಾಗೆ ಭಾವಿಸಬೇಡಿ. ತಾವು ವಿವರಿಸಿರುವುದು ಡೆಲಿರಿಯಂ ಎಂಬ ಸ್ಥಿತಿಗೆ ಹೊಂದುತ್ತದೆ. ಸೋಂಕು, ನೋವು, ಕೆಲವು ಔಷಧಗಳು, ನಿದ್ರೆಯ ಕೊರತೆ ಮುಂತಾದ ಕಾರಣಗಳಿಂದ ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ತಲೆದೋರುವ ಈ ಗೊಂದಲ ವಯಸ್ಸಾದವರಲ್ಲಿ ಹೆಚ್ಚು, ಮತ್ತು ಬಹುಪಾಲು ತಾತ್ಕಾಲಿಕ. ಮೂಲ ಕಾರಣವನ್ನು ಹುಡುಕಿ ಗುಣಪಡಿಸುವುದು ವೈದ್ಯರ ಹೊಣೆ.

ಚಿಕಿತ್ಸಾ ಮನಃಶಾಸ್ತ್ರಜ್ಞರು ಮಾತ್ರೆ ಬರೆಯುವವರಲ್ಲ. ಹಗಲಿರುಳು ಒಂದೇ ಬೆಳಕಿರುವ, ಯಂತ್ರಗಳ ಕೂಗು ನಿಲ್ಲದ ಕೋಣೆಯಲ್ಲಿ ‘ಏಳನೇ ಬೆಡ್’ ಆಗಿಬಿಟ್ಟವರನ್ನು ಹೆಸರು ಹಿಡಿದು ಕರೆಯುವಂತೆ, ಅವರ ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಮರಳಿಸುವಂತೆ, ಕಣ್ಣಿಗೆ ಬೀಳುವಲ್ಲಿ ಗಡಿಯಾರವಿಡುವಂತೆ ಅವರು ಸಿಬ್ಬಂದಿಯನ್ನು ಒಪ್ಪಿಸುತ್ತಾರೆ. (ಎಷ್ಟೋ ಸಲ ಕನ್ನಡಕ ಮನೆಯವರ ಚೀಲದಲ್ಲೇ ಉಳಿದಿರುತ್ತದೆ!) ಬಾಯಲ್ಲಿ ನಳಿಕೆಯಿರುವವರಿಗೆ ಅಕ್ಷರದ ಹಲಗೆಯಿಂದ ಮಾತು ಕೊಡುವುದು, ದಣಿದ ದಾದಿಯರ ಅಳಲನ್ನು ಕೇಳುವುದು, ಭೇಟಿಯ ಐದು ನಿಮಿಷಗಳಲ್ಲಿ ಏನು ಮಾತಾಡಬೇಕೆಂದು ನಿಮ್ಮಂಥವರಿಗೆ ತಿಳಿಸುವುದು ಕೂಡ ಅವರ ಕೆಲಸವೇ.

ಕೈ ಕಟ್ಟುವುದು ಕೊನೆಯ ಉಪಾಯವಾಗಬೇಕು, ಅದರ ಕಾರಣವನ್ನು ಮನೆಯವರಿಗೆ ಹೇಳಲೇಬೇಕು ಎಂಬುದು ನನ್ನ ನಿಲುವು. ತಂದೆಯವರಿಗೆ ಈಗಲೂ ಆ ರಾತ್ರಿಯ ಕೆಟ್ಟ ಕನಸುಗಳು ಬೀಳುತ್ತಿದ್ದರೆ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಃಶಾಸ್ತ್ರಜ್ಞರನ್ನು ಸಂಕೋಚವಿಲ್ಲದೆ ಕಾಣಿರಿ.