ಡಬ್ಬಿ ಹಾಗೇ ವಾಪಸ್ ಬರುತ್ತೆ ಮೇಡಂ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮಗಳು ಶಾಲೆಯಲ್ಲಿ ಊಟದ ಡಬ್ಬಿ ಮುಟ್ಟಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು ದಾವಣಗೆರೆಯ ಒಬ್ಬ ತಾಯಿ. ಕೆಲಸಕ್ಕೆ ಹೋಗುವವರು. ಮಗಳು ಎರಡನೇ ಕ್ಲಾಸು. ಬೆಳಿಗ್ಗೆ ಐದಕ್ಕೇ ಎದ್ದು ಅಡುಗೆ ಮಾಡ್ತಾರೆ, ಸಂಜೆ ಡಬ್ಬಿ ತೆಗೆದರೆ ಕಟ್ಟಿದ್ದು ಕಟ್ಟಿದ ಹಾಗೇ. "ಮಗು ಸೊರಗಿದೆ" ಅಂತ ಅತ್ತೆ ದಿನಾ ಹೇಳ್ತಾರಂತೆ. ಅದು ತಮಗೇ ಹೇಳಿದ ಮಾತು ಅನ್ನೋದು ಇವರಿಗೆ ಚೆನ್ನಾಗಿ ಗೊತ್ತು.

ಫೋನಿನಲ್ಲಿ ಫೋಟೊ ತೋರಿಸಿದರು. ಮೂರು ಖಾನೆಯ ಡಬ್ಬಿ. ರಾಗಿ ರೊಟ್ಟಿ, ಹೆಸರುಕಾಳು ಪಲ್ಯ, ನಕ್ಷತ್ರದ ಹಾಗೆ ಕತ್ತರಿಸಿದ ಸೌತೆಕಾಯಿ, ಬಾದಾಮಿ. ನೋಡಿದರೆ ನಮಗೇ ಬಾಯಲ್ಲಿ ನೀರು ಬರಬೇಕು. ಆದರೆ ಈ ಅಂದ ಬೆಳಿಗ್ಗೆ ಏಳೂವರೆಯದು. ಮಗು ಡಬ್ಬಿ ತೆಗೆಯೋದು ಮಧ್ಯಾಹ್ನ ಹನ್ನೆರಡೂವರೆಗೆ ಅಲ್ವಾ?

ಮಗಳನ್ನು "ಯಾಕೆ ತಿನ್ನಲ್ಲ" ಅಂತ ನಾನು ಕೇಳಲಿಲ್ಲ. "ಊಟದ ಬೆಲ್ ಹೊಡೆದ ಮೇಲೆ ಏನೇನಾಗುತ್ತೆ ಹೇಳು ಪುಟ್ಟಿ" ಅಂದೆ. ಕೈ ತೊಳೆಯಲು ನಲ್ಲಿ ಹತ್ತಿರ ಸಾಲು, ವಾಪಸ್ ಬರುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿರುತ್ತೆ, ಡಬ್ಬಿ ಮುಚ್ಚಳ ಬರಲ್ಲ, ಮಿಸ್ ಹತ್ತಿರ ಹೋಗೋಕೆ ಭಯ, ಹೇಗೋ ತೆಗೆದರೆ ರೊಟ್ಟಿ ಸೆಟೆದುಕೊಂಡಿರುತ್ತೆ, ಅಷ್ಟರಲ್ಲಿ ಗೆಳತಿಯರೆಲ್ಲ ಆಡಲು ಓಡಿರುತ್ತಾರೆ. ಪಕ್ಕದಲ್ಲಿ ಕೂರುವ ಹುಡುಗ "ಕಪ್ಪು ರೊಟ್ಟಿ" ಅಂತ ಮೂಗು ಮುಚ್ಚಿಕೊಳ್ಳುತ್ತಾನಂತೆ. ಮನೆ ಬಾಗಿಲಲ್ಲಿ ಮೊದಲ ಪ್ರಶ್ನೆ "ಖಾಲಿ ಮಾಡಿದ್ಯಾ?" ಅದಕ್ಕೇ ಕೆಲವು ದಿನ ಕಸದಬುಟ್ಟಿಗೆ ಸುರಿದು ಬಂದಿದ್ದಾಳೆ.

ಮುಂದಿನ ಸಲ ಡಬ್ಬಿ ತರಿಸಿದೆ. ನನ್ನ ಎದುರೇ ತೆಗೆಯಲು ಹೇಳಿದೆ. ಕ್ಲಿಪ್ಪಿನ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಉಗುರು ಬೆಳ್ಳಗಾಯಿತು, ಮುಚ್ಚಳ ಅಲುಗಲಿಲ್ಲ. ತಾಯಿ ಸುಮ್ಮನಾಗಿಬಿಟ್ಟರು.

ಅವರಿಗೆ ನಾನು ಹೇಳಿದ್ದು ಇಷ್ಟು. ಮೊದಲು ಡಬ್ಬಿ ಬದಲಿಸಿ. ಅಂಗಡಿಯಲ್ಲಿ ಮಗಳ ಕೈಯಲ್ಲೇ ತೆಗೆಸಿ ನೋಡಿ ತನ್ನಿ. ಈಗ ಹಾಕುವುದರ ಅರ್ಧದಷ್ಟು ಹಾಕಿ, ಸಾಲದಿದ್ದರೆ ಅವಳೇ ಕೇಳುತ್ತಾಳೆ. ಆರಿದ ಮೇಲೂ ಮೆತ್ತಗಿರುವ, ಒಂದೇ ಕೈಯಲ್ಲಿ ತಿನ್ನಬಹುದಾದ್ದು ಇರಲಿ. ಪಡ್ಡು, ಬಿಸಿನೀರಲ್ಲಿ ಕಲಸಿದ ಚಪಾತಿಗೆ ಶೇಂಗಾಪುಡಿ ಬೆಲ್ಲ ಹಾಕಿ ಸುತ್ತಿದ್ದು, ಹೀಗೆ. ಮೊಸರನ್ನವಾದರೆ ಅನ್ನವನ್ನು ಚೆನ್ನಾಗಿ ಹಿಸುಕಿ, ಹಾಲು ಜಾಸ್ತಿ ಹಾಕಿ, ಒಂದೇ ಚಮಚ ಮೊಸರು ಕಲಸಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತೆ, ಹುಳಿ ಬರಲ್ಲ.

"ರಾಗಿ ಬಿಡಬೇಕಾ ಮೇಡಂ?" ಖಂಡಿತ ಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರಲ್ಲ. ಆದರೆ ಅದು ಡಬ್ಬಿಯಲ್ಲೇ ಹೋಗಬೇಕು ಅಂತ ಏನಿಲ್ಲ, ರಾತ್ರಿ ಬಿಸಿ ರೊಟ್ಟಿ ಮಾಡಿ ಕೊಡಿ. ಪ್ರೋಟೀನ್ ಚಿಂತೆಯೂ ಇತ್ತು. ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಒಂದರಿಂದ ಐದನೇ ಕ್ಲಾಸಿನವರಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಅಂತ ಲೆಕ್ಕ ಇಟ್ಟಿದ್ದಾರೆ. 30 ಗ್ರಾಂ ಶೇಂಗಾದಲ್ಲೇ ಏಳು ಗ್ರಾಂ ಮೇಲೆ ಬರುತ್ತೆ. ಬಾದಾಮಿಯೇ ಆಗಬೇಕಿಲ್ಲ.

"ನಾಳೆ ಏನು ಬೇಕು" ಅಂತ ಕೇಳಬೇಡಿ, ಉತ್ತರ ನೂಡಲ್ಸ್ ಅಂತಲೇ ಬರುತ್ತೆ. "ಪಡ್ಡಾ, ಚಪಾತಿನಾ?" ಅನ್ನಿ. ಸಂಜೆ ಡಬ್ಬಿ ವಿಷಯ ಎತ್ತಲೇಬೇಡಿ. ಯಾರ ಜೊತೆ ಆಡಿದೆ ಅಂತ ಕೇಳಿ. ಉಳಿಸಿ ತಂದರೂ ಬೈಯಲ್ಲ ಅಂತ ಗೊತ್ತಾದರೆ ಕಸದಬುಟ್ಟಿ ಕಥೆ ತಾನೇ ನಿಲ್ಲುತ್ತೆ. ಮೂಗು ಮುಚ್ಚುವ ಹುಡುಗನ ವಿಷಯವನ್ನು ಕ್ಲಾಸ್ ಟೀಚರ್ ಹತ್ತಿರ ಮೆಲ್ಲಗೆ ಹೇಳಿ, ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬೇಡ (ಅಲ್ಲಿ ಶುರುವಾದ ಜಗಳ ಬಿಡಿಸಲು ನನ್ನ ಹತ್ತಿರ ಬಂದವರಿದ್ದಾರೆ). ತೂಕ ಇಳಿಯುತ್ತಿದ್ದರೆ, ಅಥವಾ ಮನೆಯಲ್ಲೂ ಮೂರು ನಾಲ್ಕು ಪದಾರ್ಥ ಬಿಟ್ಟು ಏನೂ ಮುಟ್ಟದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ ಅಂದೆ. ಇವಳ ತೂಕ ಸರಿಯಾಗೇ ಇತ್ತು.

ಈಗ ಡಬ್ಬಿ ಹೆಚ್ಚುಕಡಿಮೆ ಖಾಲಿಯಾಗುತ್ತೆ. ಬೀನ್ಸ್ ಪಲ್ಯ ಮಾತ್ರ ಇನ್ನೂ ವಾಪಸ್. ಸಂಜೆ ನಾಲ್ಕಕ್ಕೆ ಅಜ್ಜಿ ಕೊಡುವ ಚಿಪ್ಸ್ ಪ್ಯಾಕೆಟ್ ಕೂಡ ನಿಂತಿಲ್ಲ. ಅದರ ಬದಲು ಮಂಡಕ್ಕಿ ಒಗ್ಗರಣೆ ಮಾಡಿಕೊಡಿ ಅಂತ ಸೊಸೆ ಹೇಳಿದರೆ ಜಗಳ. ಮುಂದಿನ ಸಲ ಅಜ್ಜಿಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.