ಲೆಗೊ ಡಬ್ಬಿ ಅಟ್ಟಕ್ಕೆ ಹಾಕಬೇಡಿ ಸರ್

ಸರ್, ಮಗಳು ಮನೆ, ಕಾರು ಎಲ್ಲ ಕಟ್ಟಿ ಬೇಜಾರಾಗಿ ಲೆಗೊ (ಒಂದಕ್ಕೊಂದು ಕೂರಿಸುವ ಪ್ಲಾಸ್ಟಿಕ್ ಬ್ಲಾಕಿನ ಆಟಿಕೆ) ಮುಟ್ಟುತ್ತಿಲ್ಲ, ಡಬ್ಬಿ ಅಟ್ಟಕ್ಕೆ ಹಾಕಲಾ ಅಂತ ಕೇಳಿದ್ದೀರಿ. ವಿಜ್ಞಾನಿಗಳೂ ಇದನ್ನು ಬಳಸುತ್ತಾರೆ ಅನ್ನೋದು ನಿಜವಾ ಅಂತಲೂ ಕೇಳಿದ್ದೀರಿ. ನಿಜಾನೇ. ಅದಕ್ಕೂ ಮೊದಲು, ಇವತ್ತೇ ಮಾಡಬಹುದಾದ್ದು ಒಂದು ಹೇಳುತ್ತೇನೆ.

ಎಂಟು ಗುಬುಟಿನ ಎರಡು ಬ್ಲಾಕ್ ತೆಗೆದುಕೊಳ್ಳಿ, ಒಂದೇ ಬಣ್ಣದ್ದು. ಎರಡು ಸಾಲು, ಸಾಲಿಗೆ ನಾಲ್ಕು ಗುಬುಟು ಇರುತ್ತಲ್ಲ, ಅದು. ಒಂದರ ಮೇಲೊಂದು ಎಷ್ಟು ಥರ ಕೂರಿಸಬಹುದು ಅಂತ ಮಗಳನ್ನು ಕೇಳಿ. ಎರಡನ್ನೂ ಒಂದೇ ದಿಕ್ಕಿಗೆ ಇಟ್ಟರೆ ಉದ್ದಕ್ಕೆ 7 ಜಾಗ, ಅಗಲಕ್ಕೆ 3, ಒಟ್ಟು 21. ಮೇಲಿನದನ್ನು ಅಡ್ಡ ತಿರುಗಿಸಿದರೆ 5 ಸಲ 5, ಅಂದರೆ 25. ಕೂಡಿದರೆ 46. ಇಲ್ಲೇ ಮಜಾ ಇರೋದು. ಜೋಡಿಸಿದ್ದನ್ನು ಕೈಯಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿ. ಬೇರೆ ಅಂತ ಎಣಿಸಿದ್ದ ಇನ್ನೊಂದು ಜೋಡಣೆಯೇ ಕಾಣುತ್ತದೆ! ಸರಿಯಾಗಿ ನಡುವೆ ಕೂತ ಎರಡು ಜೋಡಣೆ ಮಾತ್ರ ತಿರುಗಿಸಿದರೂ ಹಾಗೇ ಇರುತ್ತವೆ. ಉಳಿದ 44ರಲ್ಲಿ ಅರ್ಧ 22, ಆ ಎರಡು ಸೇರಿ 24. ಮಗಳಿಗೆ ಮೊದಲೇ ಉತ್ತರ ಹೇಳಬೇಡಿ, ಜೋಡಿಸಿ ಜೋಡಿಸಿ ಅವಳೇ ಸುಸ್ತಾಗಲಿ.

ಮೂರು ಬ್ಲಾಕಿಗೆ ಇದು 1,560 ಆಗುತ್ತದೆ. ಆರಕ್ಕೆ 91,51,03,765. ಲೆಗೊ ಕಂಪನಿ ಹಿಂದೆಲ್ಲ ಹೇಳುತ್ತಿದ್ದದ್ದು ಸುಮಾರು 10.3 ಕೋಟಿ. ಅದು ಒಂದರ ಮೇಲೊಂದು ಆರು ಅಂತಸ್ತು ಇರುವ ಗೋಪುರಗಳ ಲೆಕ್ಕ ಅಷ್ಟೇ. ಒಂದೇ ಅಂತಸ್ತಿನಲ್ಲಿ ಎರಡು ಬ್ಲಾಕ್ ಕೂರುವುದನ್ನು ಬಿಟ್ಟುಬಿಟ್ಟಿದ್ದರು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಮತ್ತು ಜೊತೆಯವರು ಕಂಪ್ಯೂಟರ್‌ನಲ್ಲಿ ಪೂರ್ತಿ ಎಣಿಸಿದರು. ಎಷ್ಟೇ ಬ್ಲಾಕ್ ಇದ್ದರೂ ಥಟ್ಟನೆ ಉತ್ತರ ಕೊಡುವ ಸೂತ್ರ ಇದಕ್ಕೆ ಇನ್ನೂ ಸಿಕ್ಕಿಲ್ಲ.

ಇನ್ನು ಲ್ಯಾಬ್ ವಿಷಯ. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್, ಬ್ಲಾಕಿನ ಎತ್ತರ 9.6. ಯಾವ ದೇಶದಲ್ಲಿ ಕೊಂಡರೂ ಅಷ್ಟೇ. ನಾನು ಇಲ್ಲಿ ಕಟ್ಟಿದ್ದನ್ನು ನೀವು ಅಲ್ಲಿ ಹಾಗೇ ಕಟ್ಟಿ ಪರೀಕ್ಷೆ ಮಾಡಬಹುದು. ಸಂಶೋಧಕರಿಗೆ ಬೇಕಾದ್ದೂ ಅದೇ ಅಲ್ವಾ? ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪಾರದರ್ಶಕ ಬ್ಲಾಕುಗಳಿಂದ ಪುಟ್ಟ ತೊಟ್ಟಿ ಕಟ್ಟಿ ಅದರಲ್ಲಿ ಗಿಡ ಬೆಳೆಸಿದರು. ಬೇರು ಹೇಗೆ ಇಳಿಯುತ್ತದೆ ಅಂತ ಪಕ್ಕದಿಂದಲೇ ನೋಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದ್ದು ತಕ್ಕಡಿ. ಅಮೆರಿಕದ ಅಳತೆ-ತೂಕದ ಸಂಸ್ಥೆ ನಿಸ್ಟ್‌ನವರು 2015ರಲ್ಲಿ ಲೆಗೊದಿಂದ ಒಂದು ತಕ್ಕಡಿ ಮಾಡಿ ತೋರಿಸಿದರು. ಅಯಸ್ಕಾಂತದ ಹತ್ತಿರ ಒಂದು ತಂತಿ ಸುರುಳಿ. ಸಣ್ಣ ತೂಕವನ್ನು ಎತ್ತಿ ಹಿಡಿಯಲು ಸುರುಳಿಗೆ ಎಷ್ಟು ಕರೆಂಟ್ ಬೇಕು ಅಂತ ಅಳೆಯುತ್ತಾರೆ. ಕರೆಂಟ್ ತೆಗೆದು ಸುರುಳಿಯನ್ನು ಮೇಲೆ ಕೆಳಗೆ ಆಡಿಸಿದರೆ ಎಷ್ಟು ವೋಲ್ಟೇಜ್ ಹುಟ್ಟುತ್ತದೆ ಅಂತಲೂ ನೋಡುತ್ತಾರೆ. ಈ ಎರಡರಿಂದ ಭೌತಶಾಸ್ತ್ರದ ಒಂದು ಮೂಲ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕವನ್ನು ಶೇಕಡಾ 1ರಷ್ಟು ಹೆಚ್ಚುಕಮ್ಮಿಯಲ್ಲಿ ಹಿಡಿದರು. 2019ರ ಮೇ 20ರಿಂದ ಒಂದು ಕಿಲೋಗ್ರಾಂ ಅಂದರೆ ಎಷ್ಟು ಅನ್ನೋದು ನಿಂತಿರುವುದು ಇದೇ ಸ್ಥಿರಾಂಕದ ಮೇಲೆ.

ಅಷ್ಟು ದೊಡ್ಡದು ಬೇಡ, ಮಾಮೂಲಿ ತಕ್ಕಡಿ ನೀವೂ ಮಾಡಿ. ತೂತುಗಳಿರುವ ಉದ್ದನೆಯ ಪಟ್ಟಿ ಬೇಕು, ತೂತುಗಳ ಸಂಖ್ಯೆ ಬೆಸ ಇರಲಿ. ನಡುವಿನ ತೂತಿಗೆ ಕಡ್ಡಿ ತೂರಿಸಿ ತೂಗಿಬಿಡಿ. ಒಂದು ಕಡೆ ನಡುವಿನಿಂದ ಮೂರನೇ ತೂತಿಗೆ ಎರಡು ಬ್ಲಾಕ್, ಇನ್ನೊಂದು ಕಡೆ ಎರಡನೇ ತೂತಿಗೆ ಮೂರು ಬ್ಲಾಕ್. ಸಮ ನಿಲ್ಲಬೇಕು. ನಾನು ಮಾಡಿದಾಗ ಎರಡು ಸಲ ಕೆಟ್ಟಿತು. ಮೊದಲು ಕಪ್ಪು ಪಿನ್ ಹಾಕಿದ್ದೆ. ಅದು ಬಿಗಿ ಹಿಡಿಯುವ ಪಿನ್, ಪಟ್ಟಿ ಅಲುಗಲೇ ಇಲ್ಲ. ಆಮೇಲೆ ಬ್ಲಾಕುಗಳನ್ನು ಪಟ್ಟಿಯ ಮೇಲೆ ಪೇರಿಸಿದೆ. ಭಾರವೆಲ್ಲ ಕಡ್ಡಿಗಿಂತ ಮೇಲಾಗಿ, ಎಷ್ಟೇ ಸರಿ ಮಾಡಿದರೂ ಒಂದು ಕಡೆಗೆ ಉರುಳುತ್ತಿತ್ತು. ಅರ್ಧ ಗಂಟೆ ಸುಮ್ನೆ ಪಟ್ಟಿಯನ್ನೇ ಬೈದುಕೊಂಡೆ. ದಾರ ಕಟ್ಟಿ ಕೆಳಗೆ ನೇತುಹಾಕಿದ ಮೇಲೆ ಸುಮ್ಮನೆ ನಿಂತಿತು.

ನಿಮ್ಮ ಡಬ್ಬಿಯಲ್ಲಿ ಆ ಪಟ್ಟಿ ಇಲ್ಲದಿದ್ದರೆ ಅದೊಂದನ್ನೇ ಬಿಡಿಯಾಗಿ ತರಿಸಿ. ಅದಕ್ಕಾಗಿ ರೋಬೋಟ್ ಕಿಟ್ ಕೊಳ್ಳುವುದು ಈಗಲೇ ಬೇಡ.