ಕೇಳಿದ್ದು–ಹೇಳಿದ್ದು: ಗೇಟಿಗಿಂತ ಮೊದಲು ವೃತ್ತ ನೋಡಿ

ಪ್ರಶ್ನೆ: ನಾವಿಬ್ಬರೂ ನಿವೃತ್ತರು, ದೆಹಲಿಗೆ ಹೊರಟಿದ್ದೇವೆ. ನೆಹರೂ ಅವರ ತೀನ್ ಮೂರ್ತಿ ಮನೆ ಈಗ ಎಲ್ಲ ಪ್ರಧಾನಿಗಳ ಸಂಗ್ರಹಾಲಯ ಆಗಿದೆಯಂತಲ್ಲ, ಹಳೆಯದೇನಾದರೂ ಉಳಿದಿದೆಯೇ? ನಮ್ಮ ಗೌಡರು ಅಲ್ಲಿದ್ದಾರಾ?
– ಒಬ್ಬ ಓದುಗರು, ಹಾಸನ

ಉತ್ತರ: ಗೌಡರು ಇದ್ದಾರೆ ಸ್ವಾಮಿ, ಚಿಂತೆ ಬೇಡ. 1996ರ ಜೂನ್‌ನಿಂದ 1997ರ ಏಪ್ರಿಲ್‌ವರೆಗಿನ ಆಡಳಿತ, 11 ತಿಂಗಳೂ ತುಂಬಲಿಲ್ಲ. ಆದರೂ ಪ್ರಧಾನಿ ಪ್ರಧಾನಿಯೇ.

ಆದರೆ ಆಟೊದಿಂದ ಇಳಿದವರೇ ಗೇಟಿನತ್ತ ಓಡಬೇಡಿ. ಎದುರಿನ ವೃತ್ತದಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆಗಳಿವೆ. ಮನೆಗೆ ಆ ಹೆಸರು ಬಂದದ್ದೇ ಅವುಗಳಿಂದ. ಜೋಧಪುರ, ಹೈದರಾಬಾದ್, ಇನ್ನೊಬ್ಬ ನಮ್ಮ ಮೈಸೂರಿನವನು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಮೆಷಿನ್‌ಗನ್ನುಗಳ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿದವರಲ್ಲಿ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಏರಿ ಹೋದದ್ದು ಅವರೇ. ಕನ್ನಡದ ಪ್ರವಾಸಿಗರು ಆ ಪ್ರತಿಮೆಗಳನ್ನು ಸುತ್ತು ಹಾಕಿಕೊಂಡು ಬಸ್ಸಿನಲ್ಲಿ ಹೋಗಿಬಿಡುವುದು ನನಗೆ ಹೊಟ್ಟೆಯುರಿ. (ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕವಿದೆ. ಅದನ್ನು ಬೆಂಗಳೂರಿನವರೇ ನೋಡಿರುವುದಿಲ್ಲ.)

ಇನ್ನು ಮನೆ. ಕನಾಟ್ ಪ್ಲೇಸ್ ವಿನ್ಯಾಸ ಮಾಡಿದ ರಾಬರ್ಟ್ ಟೋರ್ ರಸೆಲ್ ಇದನ್ನು ಕಟ್ಟಿದ್ದು ಬ್ರಿಟಿಷ್ ಸೇನಾ ದಂಡನಾಯಕನಿಗಾಗಿ. ನೆಹರೂ ಇಲ್ಲಿ ಸುಮಾರು 16 ವರ್ಷ ಇದ್ದರು, 1964ರ ಮೇ 27ರಂದು ಇಲ್ಲೇ ತೀರಿಕೊಂಡರು. ಆಮೇಲೆ ಶಾಸ್ತ್ರಿಗಳು ಇಲ್ಲಿಗೆ ಬರಲಿಲ್ಲ. ಮನೆ ಮ್ಯೂಸಿಯಂ ಆಯಿತು. 2022ರ ಏಪ್ರಿಲ್ 14ರಂದು ಪಕ್ಕದಲ್ಲಿ ಹೊಸ ಕಟ್ಟಡ ತೆರೆಯಿತು. ಅಲ್ಲಿ ಪರದೆ, ಬೆಳಕು, ಪ್ರಧಾನಿಯ ಜೊತೆ ನಡೆದಂತೆ ಫೋಟೊ, ಎಲ್ಲ ಇದೆ. ಮೊಮ್ಮಕ್ಕಳು ಜೊತೆಗಿದ್ದರೆ ಅವರನ್ನು ಅಲ್ಲಿ ಬಿಟ್ಟು ನೀವು ಹಳೆ ಮನೆಯ ಮಹಡಿ ಹತ್ತಿ. ಅಷ್ಟು ದೊಡ್ಡ ಬಂಗಲೆಯಲ್ಲಿ ಆ ಮನುಷ್ಯ ಮಲಗುತ್ತಿದ್ದ ಕೋಣೆಯ ಸಾದಾತನವನ್ನೂ ಎಲ್ಲೆಲ್ಲೂ ಇರುವ ಪುಸ್ತಕಗಳನ್ನೂ ನೋಡಿ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಆವರಣದಲ್ಲೇ ತುಘಲಕ್ ಕಾಲದ ಬೇಟೆಮನೆ ಕುಶಕ್ ಮಹಲ್ ಇದೆ.

ಪ್ರಶ್ನೆ: ಇಂದಿರಾ ಗಾಂಧಿಯವರ ಮನೆಯನ್ನು ಹತ್ತು ವರ್ಷದ ಮಗಳಿಗೆ ತೋರಿಸಬಹುದೇ?
– ಒಬ್ಬ ತಾಯಿ, ಚಿಕ್ಕಮಗಳೂರು

ಉತ್ತರ: 1978ರ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಆಕೆಯನ್ನು ಲೋಕಸಭೆಗೆ ಕಳಿಸಿದ ಊರಿನವರು ನೀವು, ನೋಡದೆ ಬರುವುದುಂಟೇ ತಾಯಿ! ಆದರೆ ಮಗಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. 1984ರ ಅಕ್ಟೋಬರ್ 31ರಂದು ಉಟ್ಟಿದ್ದ ಸೀರೆಯನ್ನು ರಕ್ತದ ಕಲೆಗಳ ಸಮೇತ ಇಟ್ಟಿದ್ದಾರೆ. ಮದುವೆಯಲ್ಲಿ ಉಟ್ಟ ಖಾದಿ ಸೀರೆಯೂ ಇದೆ. ಅದರ ನೂಲನ್ನು ತಂದೆ ಜೈಲಿನಲ್ಲಿ ತೆಗೆದದ್ದು. ನಾನಾದರೆ ಮಗುವಿಗೆ ಮೊದಲು ಆ ಖಾದಿ ಸೀರೆ ತೋರಿಸುತ್ತೇನೆ. ಹೊರಗೆ ಆಕೆ ಕೊನೆಯ ಸಲ ನಡೆದ ತೋಟದ ದಾರಿಗೆ ಗಾಜು ಹೊದಿಸಿದ್ದಾರೆ. ಅಲ್ಲಿ ನಿಂತು ಸೆಲ್ಫಿ ತೆಗೆಯುವವರನ್ನು ಕಂಡರೆ ಮೈ ಉರಿಯುತ್ತದೆ. ವಿಳಾಸ 1, ಸಫ್ದರ್‌ಜಂಗ್ ರಸ್ತೆ. ಸೋಮವಾರ ರಜೆ.

ಪ್ರಶ್ನೆ: ಇವೆಲ್ಲಕ್ಕೂ ಸಮಯವಿಲ್ಲ. ಒಂದೇ ಒಂದು ವಸ್ತು ನೋಡುವುದಾದರೆ ಯಾವುದು?
– ಅವಸರದ ಓದುಗ, ಹುಬ್ಬಳ್ಳಿ

ಉತ್ತರ: 1, ಮೋತಿಲಾಲ್ ನೆಹರೂ ಪ್ಲೇಸ್‌ನ ಶಾಸ್ತ್ರಿ ಸ್ಮಾರಕದಲ್ಲಿ ನಿಂತಿರುವ ಫಿಯೆಟ್ ಕಾರು. ಬೆಲೆ 12,000 ರೂಪಾಯಿ. ಪ್ರಧಾನಿಯ ಕೈಯಲ್ಲಿದ್ದದ್ದು 7,000. ಉಳಿದ 5,000 ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಹೋದಾಗ ಕಂತು ಬಾಕಿಯಿತ್ತು. ಲಲಿತಾ ಶಾಸ್ತ್ರಿಯವರು ಪಿಂಚಣಿ ಹಣದಲ್ಲಿ ತೀರಿಸಿದರು.